ಹೇಳದೆ ಮಾಡಿದ ಕೆಲಸ

ನವೆಂಬರ್ 28, ಗುರುವಾರ

ಮತ್ತೆ ಕರೆಂಟ್ ಇಲ್ಲ. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಅರ್ಧ ಓಡಿ ನಿಂತಿತು. ನಾನು ಲೈನ್‌ಮನ್‌ಗೆ ಫೋನ್ ಮಾಡುತ್ತ, ಬೈಯುತ್ತ ಅಂಗಳದಲ್ಲಿ ಸುತ್ತುತ್ತಿದ್ದೆ. ಅಷ್ಟರಲ್ಲಿ ದೇವೀರಪ್ಪಣ್ಣ ಉಳಿದ ಹಣ್ಣನ್ನೆಲ್ಲ ಹುಳಿಯದ ಹಾಗೆ ನೀರಿನ ತೊಟ್ಟಿಗೆ ಸುರಿದು, ಪಕ್ಕದ ಎಸ್ಟೇಟಿಗೆ ಹೋಗಿ ಜನರೇಟರ್‌ಗೆ ಹೇಳಿ ಬಂದಿದ್ದ. ನನ್ನನ್ನು ಒಂದು ಮಾತು ಕೇಳಿರಲಿಲ್ಲ.

"ನೀನು ಫೋನ್ ಮಾಡ್ತಿರು ಲೀಲವ್ವ, ನಾವು ಕಾಫಿ ಮಾಡಿರ್ತೀವಿ" ಅಂದ. ಅವನ ಹೆಂಡತಿ ಮಾದಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

ಹಾಸನದ ಕಾಫಿ ಕ್ಯೂರಿಂಗ್ ವರ್ಕ್ಸ್ ಕೆಲಸ ಬಿಟ್ಟು, ಹೆತ್ತೂರು ರಸ್ತೆಯ ಈ ಹಳೇ ಪಲ್ಪರ್ ಮನೆ, ಕಣ ಗುತ್ತಿಗೆಗೆ ಹಿಡಿದು ವರ್ಷವಾಯಿತು. ಅಮ್ಮನಿಗೆ ಇನ್ನೂ ಒಪ್ಪಿಗೆಯಿಲ್ಲ. "ಸಂಬ್ಳದ ಕೆಲ್ಸ ಬುಟ್ಟು ಕಣ ಗುಡ್ಸಕ್ಕೆ ಬಂದವ್ಳೆ" ಎಂದು ಬಂದವರಿಗೆಲ್ಲ ಹೇಳುತ್ತಾಳೆ. ಬೀಗ ತೆಗೆದ ದಿನ ಕರೆಯದೆ ಬಂದವನು ದೇವೀರಪ್ಪಣ್ಣ ಒಬ್ಬನೇ. ಇದೇ ಕಣದಲ್ಲಿ ಎಸ್ಟೇಟಿನ ಕಾಫಿ ಒಣಗಿಸಿ ತಲೆ ನರೆತವನು. ಅಪ್ಪ ತೀರಿಕೊಂಡ ಮೇಲೆ ನನ್ನನ್ನು ಸೈಕಲ್ಲಿನಲ್ಲಿ ಕೂರಿಸಿಕೊಂಡು ಸ್ಕೂಲಿಗೆ ಬಿಟ್ಟವನೂ ಅವನೇ. ಇವನಿಲ್ಲದಿದ್ದರೆ ನಾನು ಉದ್ಯಮಿಯೂ ಅಲ್ಲ, ಮಣ್ಣೂ ಅಲ್ಲ.

ಡಿಸೆಂಬರ್ 5, ಗುರುವಾರ

ಹಾಸನದಲ್ಲಿ ಒಂದು ವಾರದ ತರಬೇತಿ ಮುಗಿಯಿತು. ಮಹಿಳಾ ಉದ್ಯಮಿಗಳಿಗೆ. ಎಸಿ ಹಾಲ್, ಗೋಡಂಬಿ ಬಿಸ್ಕತ್ತು, ಟೈ ಕಟ್ಟಿದ ಮೇಷ್ಟ್ರು. ಅರ್ಧ ನಿದ್ದೆ ಮಾಡಿದೆ. ಒಂದು ಮಾತು ಮಾತ್ರ ಹಿಡಿಸಿತು — ಹೇಳುವವರೆಗೆ ಕಾಯುವವನು ಕೂಲಿಯವನು, ಹೇಳದೆ ಮಾಡುವವನು ನಿಮ್ಮ ಕಂಪನಿ ಬೆಳೆಸುವವನು. ನೌಕರನ ಸಂಬಳ ನೌಕರನದಿರಲಿ, ಮನಸ್ಸು ಮಾಲೀಕನದಾಗಬೇಕು.

ಬಂದವಳೇ ನನ್ನ ಇಡೀ ಕಂಪನಿಯನ್ನು, ಅಂದರೆ ಗಂಡ ಹೆಂಡತಿ ಇಬ್ಬರನ್ನು, ಕೂರಿಸಿಕೊಂಡು ಭಾಷಣ ಬಿಗಿದೆ. "ಇನ್ಮೇಲೆ ನನ್ನ ಕೇಳ್ಕೊಂಡು ಕಾಯಬೇಡಿ. ಇದು ನಿಮ್ಮದೇ ಅಂದ್ಕೊಳ್ಳಿ. ಸರಿ ಅನ್ನಿಸಿದ್ದು ಮಾಡಿಬಿಡಿ."

ದೇವೀರಪ್ಪಣ್ಣ ಬೀಡಿ ಹಚ್ಚಿದ. "ಇಷ್ಟು ಹೇಳಕ್ಕೆ ಅವ್ರು ವಾರ ತಗಂಡ್ರಾ?"

"ಕೇಳಿದ್ಯಾ, ಇವತ್ತಿಂದ ನೀನೂ ಸಾವ್ಕಾರ ಕಣಯ್ಯ" ಅಂದಳು ಮಾದಮ್ಮ.

"ಹಂಗಾದ್ರೆ ಇನ್ನೊಂದು ಲೋಟ ಟೀ ತತ್ತಾ, ಸಾವ್ಕಾರ್ತಿ."

ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು.

ಡಿಸೆಂಬರ್ 12, ಗುರುವಾರ

ಡ್ರಮ್ಮು ತುಂಬಿಸಿದೆವು. ಕೊನೆಗೂ.

ಅಭಿಲಾಷ್ ಬೆಂಗಳೂರಿನಲ್ಲಿ ಕಾಫಿ ಹುರಿದು ಮಾರುವವನು. ಹಣ್ಣನ್ನು ಡ್ರಮ್ಮಿನಲ್ಲಿ ಗಾಳಿಯಾಡದಂತೆ ಮುಚ್ಚಿ, ಹುಳಿ ಬರಿಸಿ, ಆಮೇಲೆ ಒಣಗಿಸಿದ ಕಾಫಿ ಬೇಕಂತೆ ಅವನಿಗೆ. ರುಚಿ ಒಪ್ಪಿದರೆ ಪ್ರತಿ ವರ್ಷ ನಮ್ಮಿಂದಲೇ ತೆಗೆದುಕೊಳ್ಳುತ್ತಾನೆ. ಮಾರನಹಳ್ಳಿ ದಯಾನಂದಣ್ಣ, ಅವನ ಜೊತೆಯ ಸಣ್ಣ ಬೆಳೆಗಾರರು ಕೆಂಪು ಹಣ್ಣು ಮಾತ್ರ ಆರಿಸಿ ತಂದು ಕೊಟ್ಟರು. ಬರೀ ನಂಬಿಕೆಯ ಮೇಲೆ. ಈ ಮಾಲು ಗೆದ್ದರೆ ಪಲ್ಪರ್ ಮನೆ ಉಳಿಯಿತು. ಇಲ್ಲದಿದ್ದರೆ ಬೇಸಿಗೆಗೆ ಬೀಗ. ನಾನು ಮತ್ತೆ ಹಾಸನಕ್ಕೆ, ಇವರಿಬ್ಬರು ಈ ವಯಸ್ಸಿನಲ್ಲಿ ಮತ್ತೆ ಕಂಡವರ ತೋಟಕ್ಕೆ.

ದೇವೀರಪ್ಪಣ್ಣನಿಗೆ ಮನಸ್ಸಿಲ್ಲ. "ಹಣ್ಣು ಮುಚ್ಚಿಟ್ರೆ ಕೊಳೀತೈತೆ ಕಣವ್ವ."

"ಹೊಸ ವಿದ್ಯೆ ಅಣ್ಣ ಇದು. ನೀನು ಮುಚ್ಚು."

ಬೇರೇನೂ ವಿವರಿಸಲಿಲ್ಲ. ಮನೆಗೆ ಹೋಗುವ ಬಸ್ಸಿನ ಹೊತ್ತಾಗಿತ್ತು... ಅವನು ಮುಚ್ಚಿದ. ಮುಚ್ಚಳದ ಮುಂದೆ ಊದುಬತ್ತಿ ಹಚ್ಚಿ ಕೈ ಮುಗಿದ.

ಡಿಸೆಂಬರ್ 16, ಸೋಮವಾರ

ಬರೆಯಲು ಕೈ ಬರುತ್ತಿಲ್ಲ.

ಒಣಗಿದ ಕಾಫಿ ತುಂಬಲು ಒಳ್ಳೆ ಚೀಲ ನೋಡೋಣ ಎಂದು ಶನಿವಾರ ಹಾಸನಕ್ಕೆ ಹೋದವಳು ಇವತ್ತು ಮಧ್ಯಾಹ್ನ ಬಂದೆ. ದಯಾನಂದಣ್ಣ, ಇನ್ನಿಬ್ಬರು ಬೆಳೆಗಾರರು ಡ್ರಮ್ಮು ನೋಡಲೆಂದು ಬಂದು ನಿಂತಿದ್ದರು. ಗೇಟು ದಾಟಿದರೆ — ಡ್ರಮ್ಮುಗಳನ್ನು ತೊಳೆದು ಬೋರಲು ಹಾಕಿದೆ. ಹಣ್ಣೆಲ್ಲ ಕಣದಲ್ಲಿ ಹರಡಿದೆ.

ದೇವೀರಪ್ಪಣ್ಣ ಓಡಿ ಬಂದ. "ಉಳಿಸ್ಬುಟ್ಟೆ ಕಣವ್ವ! ನೀನು ಹೋದ ಮಾರ್ನೆ ದಿನ ಮುಚ್ಚಳದ ಹತ್ರ ಹೆಂಡದ ವಾಸ್ನೆ. ತಗುದ್ರೆ ಬುಸ್ ಅಂತು. ಮ್ಯಾಲೆಲ್ಲ ಬೂಷ್ಟು. ನಿಂಗೆ ಫೋನ್ ಮಾಡಣ ಅಂದ್ಕಂಡೆ. ಆಮ್ಯಾಕೆ ನೀನೇ ಹೇಳಿದ್ಯಲ್ಲ, ಕಾಯ್ಬೇಡಿ ಅಂತ. ನಾನೂ ಮಾದಿನೂ ಈಗಿನ ಗಂಟ ನಾಕು ನೀರಲ್ಲಿ ತೊಳ್ದು ಹರವಿದ್ವಿ."

ಕೈ ಮುಂದೆ ಚಾಚಿ ತೋರಿಸಿದ. ನೀರಿನಲ್ಲಿ ನೆನೆದು ನೆನೆದು ಬೆರಳೆಲ್ಲ ಬೆಳ್ಳಗೆ ಸುಕ್ಕಾಗಿದ್ದವು. ಮುಖದಲ್ಲಿ ಎಂಥ ಸಂತೋಷ!

ಆ ವಾಸನೆಯೇ ನಮಗೆ ಬೇಕಾಗಿದ್ದದ್ದು. ಆ ಹುಳಿಯೇ ಮಾಲು. ಅದನ್ನೇ ತೊಳೆದು ಹಾಕಿದ್ದ.

ಏನು ಬಂತೋ ನನಗೆ. ಅಷ್ಟೂ ಜನರೆದುರು ಕೂಗಾಡಿದೆ. "ನಿನ್ನ ಯಾರು ಕೇಳಿದ್ರು? ಹೇಳದೆ ಕೇಳದೆ ಯಾಕೆ ಮುಟ್ಟಿದೆ? ಸಂಬಳಕ್ಕಿರೋನು ಸಂಬಳಕ್ಕಿರೋ ಹಾಗಿರು. ಇನ್ಮೇಲೆ ನಾನು ಹೇಳದೆ ಒಂದು ಕಾಳು ಮುಟ್ಟಬೇಡ!"

ಅವನು ಕೈಗಳನ್ನು ಹಿಂದಕ್ಕೆಳೆದುಕೊಂಡು ಹೆಗಲ ಟವೆಲ್ಲಿನಲ್ಲಿ ಸುತ್ತಿಕೊಂಡ. ದಯಾನಂದಣ್ಣ ಬೇರೆ ಕಡೆ ನೋಡಿದ. ಮಾದಮ್ಮ ಗಂಡನ ತೋಳು ಹಿಡಿದು ಕರೆದುಕೊಂಡು ಹೋದಳು.

ಡಿಸೆಂಬರ್ 17, ಮಂಗಳವಾರ

ಅವರಿಬ್ಬರೂ ಕೆಲಸಕ್ಕೆ ಬರಲಿಲ್ಲ. ಹೋಗಿ ಮಾತಾಡಿಸಬೇಕು. ಹೋಗಲಿಲ್ಲ. ಇನ್ನೂ ಸಿಟ್ಟಿದೆ. ಸಿಟ್ಟು ಅವನ ಮೇಲೋ, ಆ ಟೈ ಮೇಷ್ಟ್ರ ಮೇಲೋ, ಬಾಯಿಬಿಟ್ಟು ಎರಡು ಮಾತು ವಿವರಿಸದ ನನ್ನ ಮೇಲೋ.

ಅಮ್ಮ ಅನ್ನ ಬಡಿಸುತ್ತ ಅಂದಳು: "ಮುತ್ತು ಒಡುದ್ರೆ ಹೋಯ್ತು, ಮಾತು ಆಡುದ್ರೆ ಹೋಯ್ತು ಕಣೇ." ಯಾರು ಹೇಳಿದರೋ ಇವಳಿಗೆ.

ಜನವರಿ 2, ಗುರುವಾರ

ಅಭಿಲಾಷ್ ಸ್ಯಾಂಪಲ್ ಕುಡಿದು ಫೋನ್ ಮಾಡಿದ. "ಕ್ಲೀನಾಗಿದೆ ಮೇಡಂ. ಆದರೆ ನಾವು ಮಾತಾಡಿದ್ದು ಇದಲ್ಲ." ಮಾಲು ಪೇಟೆ ರೇಟಿಗೆ ಹೋಗುತ್ತದೆ. ಈ ಸೀಸನ್ನಿನಲ್ಲೇ ಇನ್ನೊಂದು ಸಲ ಪ್ರಯತ್ನಿಸಿ ಎಂದ. ದೊಡ್ಡ ಮನಸ್ಸು. ದಯಾನಂದಣ್ಣನೂ ದೊಡ್ಡ ಮನಸ್ಸು ಮಾಡಿ ಮತ್ತೆ ಹಣ್ಣು ಕೊಡಲು ಒಪ್ಪಿದ. "ಕೊನೇ ಕುಯ್ಲು ಕಣಮ್ಮ. ಇದು ಹೋದ್ರೆ ನಾನು ಇನ್ನೊಬ್ರಿಗೆ ಮುಖ ತೋರ್ಸಕ್ಕಾಗಲ್ಲ."

ಸಂಜೆ ದೇವೀರಪ್ಪಣ್ಣನ ಮನೆಗೆ ಹೋದೆ. "ನಾಳೆಯಿಂದ ಬಾ ಅಣ್ಣ" ಅಂದೆ. ತಪ್ಪಾಯಿತು ಅನ್ನಲಿಲ್ಲ.

"ಬತ್ತೀನಿ ಮೇಡಂ" ಅಂದ.

ತಮಾಷೆ ಎಂದುಕೊಂಡು ನಕ್ಕೆ. ಅವನು ನಗಲಿಲ್ಲ.

ಜನವರಿ 7, ಮಂಗಳವಾರ

ಮತ್ತೆ ಡ್ರಮ್ಮು ತುಂಬಿಸಿದೆವು. ಈ ಸಲ ಎಲ್ಲ ವಿವರಿಸಿದೆ — ಯಾವ ವಾಸನೆ ಬರುತ್ತದೆ, ಯಾಕೆ ಬರಬೇಕು. ಕೈ ಕಟ್ಟಿಕೊಂಡು ಕೇಳಿದ. ಪಾಠ ಒಪ್ಪಿಸುವ ಹುಡುಗನ ಹಾಗೆ "ಆಯ್ತು ಮೇಡಂ, ಆಯ್ತು ಮೇಡಂ".

ದಿನವಿಡೀ ಇದೇ. "ಮೇಡಂ, ಕಣ ಗುಡಿಸ್ಲಾ?" "ಮೇಡಂ, ದನ ಬಂದೈತೆ, ಓಡಿಸ್ಲಾ?" ಮೊದಲು ಚುಚ್ಚುತ್ತಿದ್ದಾನೆ ಎಂದುಕೊಂಡೆ. ಮುಖ ನೋಡಿದರೆ ಹಾಗಿಲ್ಲ. ನಿಜವಾಗಿ ಕೇಳುತ್ತಿದ್ದಾನೆ. ನಾನು ಉತ್ತರ ಹೇಳುವ ತನಕ ಪೊರಕೆ ಹಿಡಿದು ನಿಂತಿರುತ್ತಾನೆ.

"ಅಣ್ಣ, ಸಿಟ್ಟಲ್ಲಿ ಅಂದುಬಿಟ್ಟೆ. ಮನಸ್ಸಿಗೆ ಹಾಕ್ಕೋಬೇಡ."

"ನೀವು ಅಂದಿದ್ದು ಸರಿ ಐತೆ ಮೇಡಂ. ಇಷ್ಟು ವರ್ಷ ಕಾಫಿ ಮೂಸಿ ಮೂಸಿ, ಒಳ್ಳೇದ್ಯಾವ್ದು ಕೆಟ್ಟಿದ್ಯಾವ್ದು ಅಂತ ನಂಗೆ ಗೊತ್ತಾಗ್ಲಿಲ್ಲ. ಇನ್ನೇನು ಗೊತ್ತು ನಂಗೆ?"

ಮಾದಮ್ಮ ತೊಟ್ಟಿಯ ಹತ್ತಿರ ಸಿಕ್ಕಳು. ದನಿ ಇಳಿಸಿ ಅಂದಳು: "ಮನೇಲೂ ಹಂಗೇಯ ಕಣವ್ವ. ಒಲೆಗೆ ಸೌದೆ ಹಾಕ್ಲಾ ಅಂತ ನನ್ನ ಕೇಳ್ತಾನೆ."



ಜನವರಿ 14, ಸಂಕ್ರಾಂತಿ

ಮುಚ್ಚಳ ತೆಗೆದೆವು. ಹಣ್ಣಾದ ಹಲಸಿನ ಹತ್ತಿರ ನಿಂತಂತೆ ವಾಸನೆ! ಅಭಿಲಾಷ್‌ಗೆ ವಿಡಿಯೋ ಕಾಲ್ ಮಾಡಿದೆ. ಬಣ್ಣ ನೋಡಿಯೇ ಕುಣಿದ.

ದೇವೀರಪ್ಪಣ್ಣ ದೂರ ನಿಂತಿದ್ದ. "ಬಾ ಅಣ್ಣ, ಮೂಸು, ಹೇಗಿದೆ ಹೇಳು" ಅಂದೆ. ಬಂದ, ಬಗ್ಗಿದ, ಮೂಸಿದ. "ನಂಗೆ ಗೊತ್ತಾಗಕಿಲ್ಲ ಮೇಡಂ." ಹರಡು ಅಂದೆ, ಹರಡಿದ. ಅವನು ಹರಡಿದರೆ ಬೆರಳು ದಪ್ಪ, ಎಲ್ಲೂ ಹೆಚ್ಚು ಕಮ್ಮಿ ಇಲ್ಲ. ಕೈಗೆ ಎಲ್ಲ ನೆನಪಿದೆ. ಅವನಿಗೆ ಮಾತ್ರ ಕೈಯ ಮೇಲೆ ನಂಬಿಕೆ ಹೋಗಿದೆ.

ಎಳ್ಳು ಬೆಲ್ಲ ಕೊಟ್ಟೆ. ಒಳ್ಳೆ ಮಾತಾಡು ಅಂದೆ, ಹಬ್ಬದ ಮಾತು ತಾನೇ. ತಲೆಯಾಡಿಸಿದ. ಗೆದ್ದ ದಿನ ಇದು. ಖುಷಿಯಾಗಬೇಕಿತ್ತು.

ಜನವರಿ 20, ಸೋಮವಾರ

ತರಬೇತಿಯವರು ಹಾಸನಕ್ಕೆ ಕರೆದಿದ್ದರು. "ಯಶಸ್ಸಿನ ಹಾದಿಯಲ್ಲಿರುವ ಮಹಿಳೆಯರು." ಫೋನ್ ಸೈಲೆಂಟ್ ಮಾಡಿ ಅಂದರು, ಮಾಡಿದೆ. ವೇದಿಕೆಗೆ ಕರೆದು ಶಾಲು ಹೊದಿಸಿದರು. ನೌಕರರನ್ನು ಹೇಗೆ ಬೆಳೆಸುತ್ತೀರಿ ಎಂದು ಮೇಷ್ಟ್ರು ಕೇಳಿದರು. ಏನೋ ಒದರಿದೆ. ಚಪ್ಪಾಳೆ.

ಹೊರಗೆ ಬಂದು ನೋಡಿದರೆ ಫೋನಿನ ಪರದೆ ತುಂಬ ದೇವೀರಪ್ಪಣ್ಣನ ಮಿಸ್ಡ್ ಕಾಲ್. ತಿರುಗಿ ಮಾಡಿದರೆ ಸಿಗುತ್ತಿಲ್ಲ. ಹಾಸನದಲ್ಲಿ ಸುಡುವ ಬಿಸಿಲು. ಆಲೂರು ದಾಟಿದ ಮೇಲೆ ರಸ್ತೆ ಒದ್ದೆ. ಸಕಲೇಶಪುರದಲ್ಲಿ ಚರಂಡಿಯಲ್ಲಿ ಕೆಂಪು ನೀರು. ಜನವರಿಯಲ್ಲಿ ಮಳೆ! ಆದರೂ ಧೈರ್ಯ ಇತ್ತು — ಕಣದಲ್ಲಿ ದೇವೀರಪ್ಪಣ್ಣ ಇದ್ದಾನೆ, ಮುಚ್ಚಿರುತ್ತಾನೆ. ಹೆತ್ತೂರು ಬಸ್ಸಿನಲ್ಲಿ ಪೂರಾ ಹಾಗೆಯೇ ಅಂದುಕೊಂಡು ಬಂದೆ.

ಕಣದ ನಡುವೆ ನಿಂತಿದ್ದ. ಒಬ್ಬನೇ. ಮಾದಮ್ಮ ಬೆಳಗೋಡಿನ ತಂಗಿ ಮನೆಗೆ ಹೋಗಿದ್ದಳು. ಮಡಿಸಿದ ಟಾರ್ಪಾಲ್ ಅವನ ಹೆಗಲ ಮೇಲೆ. ಒಂದು ಕೈಯಲ್ಲಿ ಫೋನು, ನೀರು ಕುಡಿದು ಸತ್ತಿತ್ತು. ತಲೆಯಿಂದ ಕಾಲಿನವರೆಗೆ ನೀರು ಇಳಿಯುತ್ತಿತ್ತು. ಹಣ್ಣು ನೀರಿನಲ್ಲಿ ತೇಲಿ ಕಣದ ಅಂಚಿಗೆ ಬಂದಿತ್ತು.

ನನ್ನನ್ನು ಕಂಡವನೇ ಕೇಳಿದ: "ಮುಚ್ಲಾ ಮೇಡಂ?"

"ಅಣ್ಣ... ಮಳೆ ಬಂದ್ರೆ ಮುಚ್ಚಬೇಕು ಅಂತ ನಿನಗೂ ಹೇಳ್ಬೇಕಾ?"

"ಹಳೇ ಕಾಫಿ ಆಗಿದ್ರೆ ಮುಚ್ತಿದ್ದೆ. ಇದು ಹೊಸ ವಿದ್ಯೆ ಅಲ್ವಾ. ಕೊಳ್ತಿದ್ದೇ ಬೇಕಾಗಿತ್ತು ಅಂದ್ರಿ. ಮಳೇನೂ ಬೇಕೇನೋ ಅಂತ... ಫೋನ್ ಮಾಡ್ತಾನೇ ಇದ್ದೆ ಮೇಡಂ. ಕೈ ಎತ್ತಕ್ಕೆ ಹೋಗೋದು, ಮತ್ತೆ ತಪ್ಪಾದ್ರೆ ಅಂತ ಇಳ್ಸೋದು."

ಒದ್ದೆ ಕಣದಲ್ಲೇ ಕುಸಿದು ಕೂತು ಅತ್ತೆ. ಹಣ್ಣು ಹೋದದ್ದಕ್ಕಲ್ಲ. ಅವನು ಹತ್ತಿರ ಬರಲೋ ಬೇಡವೋ ಎಂದು ಅಲ್ಲೇ ನಿಂತಿದ್ದ.

ಜನವರಿ 23, ಗುರುವಾರ

ಹಣ್ಣಿಗೆ ಕಪ್ಪು ಬೂಷ್ಟು ಹಿಡಿದಿದೆ. ಅಭಿಲಾಷ್‌ಗೆ ಹೇಳಿದೆ. ದಯಾನಂದಣ್ಣನ ಮನೆಗೆ ಹೋಗಿ ಹೇಳಿದೆ. ಅವನು ಬೈಯಲಿಲ್ಲ, ನೀರು ಕೊಟ್ಟ, ಅಷ್ಟೆ. ಕಣದ ಗುತ್ತಿಗೆ ಮುಂದುವರಿಸುವುದಿಲ್ಲ ಎಂದು ಎಸ್ಟೇಟಿನವರಿಗೆ ತಿಳಿಸಿದ್ದಾಯಿತು. ಹಾಸನದಲ್ಲಿ ಹಳೇ ಕೆಲಸ ಕೇಳಬೇಕು.

ದೇವೀರಪ್ಪಣ್ಣನಿಗೆ ಜ್ವರ.

ಜನವರಿ 25, ಶನಿವಾರ, ಮಧ್ಯಾಹ್ನ

ಅವನ ಮನೆಯಿಂದ ಈಗ ಬಂದೆ.

ಜ್ವರ ಬಿಟ್ಟಿದೆ. ನಾನು ಒಳಗೆ ಹೋದರೆ ಚಾಪೆಯಿಂದ ಎದ್ದು ನಿಂತ. ಕೂತ್ಕೋ ಅಣ್ಣ ಅಂದೆ, ಕೂತ. ಕಾಲು ಮುಟ್ಟಿದೆ. ತಪ್ಪು ನನ್ನದು ಅಂದೆ, ಕೆಲಸ ಕಲಿಸಿದವನನ್ನೇ ಜನರೆದುರು ಮುರಿದು ಹಾಕಿದೆ ಅಂದೆ. ಇನ್ನೂ ಏನೇನೋ. ಮಾದಮ್ಮ ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಂಡಳು. ಅವನು ಎಲ್ಲಕ್ಕೂ "ಆಯ್ತು ಮೇಡಂ" ಅಂದ.

ತಡೆಯಲಾಗಲಿಲ್ಲ. "ಮೇಡಂ ಅನ್ನಬೇಡ ಅಣ್ಣ. ಮೊದಲಿನ ಹಾಗೆ ಲೀಲವ್ವ ಅನ್ನು."

"ಆಯ್ತು" ಅಂದ.

"ಲೀಲವ್ವ" ಅಂದ.

ಅಂದು, ಸರಿಯಾಗಿ ಅಂದೆನಾ ಎಂದು ನನ್ನ ಮುಖವನ್ನೇ ನೋಡುತ್ತ ಕೂತ.