ಒಂದೇ ಸಲ ಕೇಳುವ ಊರು

ಮಾರ್ಚ್ 4, ಕಾರ್ಡೋಬಾ

ಇವತ್ತೂ ಟೇಬಲ್‌ನಿಂದ ಹಸಿದೇ ಎದ್ದೆ. ಸ್ಪೇನಿನಲ್ಲಿ ಮಧ್ಯಾಹ್ನದ ಊಟ ಮೂರು ಗಂಟೆಗೆ. ನಮ್ಮ ತಾಂಡೂರಿನಲ್ಲಿ ಆ ಹೊತ್ತಿಗೆ ಊಟ ಅರಗಿ, ಜನ ಮತ್ತೆ ಚಹಾ ಹುಡುಕುತ್ತಿರುತ್ತಾರೆ. ಮನೆಯ ಯಜಮಾನಿ ಎಂಕಾರ್ನಾ ಮಸೂರ ಬೇಳೆ ಮಾಡಿದ್ದಳು. ನನಗೆಂದೇ ಮಾಂಸ ಹಾಕಿರಲಿಲ್ಲ. ಬೆಳ್ಳುಳ್ಳಿ ಘಮ ನನ್ನ ರೂಮಿನ ತನಕ. "ಬೇಕಾ?" ಅಂತ ಕೇಳಿದಳು. "ನೋ, ಗ್ರಾಸಿಯಾಸ್," ಅಂದೆ. ಸರಿ ಅಂದಳು. ಪಾತ್ರೆ ಮುಚ್ಚಿ ಫ್ರಿಜ್ಜಿಗೆ ಇಟ್ಟಳು. ಮುಗಿಯಿತು!

ಇದೇನು ಕೇಳುವ ರೀತಿಯಾ? ಕೊಡಂಗಲ್‌ನ ಶಕುಂತಲಾಬಾಯಿ ಅತ್ತೆ ಮನೆಗೆ ಹೋದರೆ ಹೊಟ್ಟೆ ತಾಳ ಹಾಕುತ್ತಿದ್ದರೂ "ಊಟ ಆಗ್ಯಾದ್ರಿ" ಅನ್ನಬೇಕು. ಅತ್ತೆ ಮತ್ತೆ ಕೇಳುತ್ತಾಳೆ. "ಖರೇನೇ ಬ್ಯಾಡ್ರಿ" ಅನ್ನಬೇಕು. ಮೂರನೇ ಸಲ ಅತ್ತೆ ಕೇಳುವುದಿಲ್ಲ, ಬೈಯುತ್ತಾಳೆ — "ನಮ್ಮನಿ ರೊಟ್ಟಿಗಿ ಏನ್ ಮುಳ್ಳ ಅದಾವೇನು? ಕುಂದ್ರು!" ಆಮೇಲೆ ಕೂತು ನಾಲ್ಕು ರೊಟ್ಟಿ ಹೊಡೆಯಬಹುದು. ಮೊದಲ ಸಲಕ್ಕೇ ಹ್ಞೂಂ ಅಂದವರಿಗೆ ಹೊಟ್ಟೆಬಾಕರು ಅಂತ ಊರೆಲ್ಲ ಹೆಸರು.

ಇಲ್ಲಿ ಬಾಳೆಹಣ್ಣು ತಿಂದು ಮಲಗಿದ್ದೇನೆ. ಮರ್ಯಾದೆಯಂತೂ ಉಳಿದಿದೆ.

ಮಾರ್ಚ್ 11

ಕೈ ಎತ್ತಲಾಗುತ್ತಿಲ್ಲ. ಕಡಲೆ ತಳಿಯ ಮೇಲೆ ಮಾಸ್ಟರ್ಸ್ ಮಾಡಲು ಬಂದವಳು ಮಣ್ಣಿನ ಚೀಲ ಹೊರುತ್ತಿದ್ದೇನೆ. ಜೊತೆಗೆ ಓದುವ ಆಲ್ವಾರೋ ಬಂದು ಹೆಲ್ಪ್ ಬೇಕಾ ಅಂದ. ಆರಡಿ ಆಳು, ಕೈ ಖಾಲಿ. ಅಷ್ಟು ಸುಲಭವಾಗಿ ಹ್ಞೂಂ ಅಂದರೆ ಏನು ಚೆನ್ನ... ಬೇಡ, ಪರವಾಗಿಲ್ಲ ಅಂದೆ. "ವಾಲೆ," ಅಂದ. ಆಯ್ತು ಅನ್ನುವುದಕ್ಕೆ ಇವರ ಮಾತು ಅದು. ಇಯರ್‌ಫೋನ್ ಸಿಕ್ಕಿಸಿಕೊಂಡು ಹೋಗಿಯೇಬಿಟ್ಟ!

ಗ್ರೀನ್‌ಹೌಸ್ ತನಕ ಅಷ್ಟೂ ಚೀಲ ನಾನೇ ಹೊತ್ತೆ. ಆತ ದೂರದಲ್ಲಿ ಕೂತು ಕಿತ್ತಳೆ ತಿನ್ನುತ್ತಿದ್ದ. ಈ ಜನಕ್ಕೆ ಕಣ್ಣಿಲ್ಲವಾ? ಮುಖ ನೋಡಿದರೆ ಗೊತ್ತಾಗುವುದಿಲ್ಲವಾ?

ಮಾರ್ಚ್ 19

ಅವ್ವನ ಫೋನ್. ಕೊನೆಗೂ ಬಾಯಿ ಬಿಟ್ಟಳು. ಗಂಟಲಿನ ಗಂಟು ದೊಡ್ಡದಾಗಿದೆಯಂತೆ. ಮೇ ಹದಿನಾಲ್ಕಕ್ಕೆ ಹೈದರಾಬಾದಿನಲ್ಲಿ ಆಪರೇಷನ್. ನನ್ನನ್ನು ಬಿಟ್ಟು ಓಣಿಗೆಲ್ಲ ಮೊದಲೇ ಗೊತ್ತು! ಜೀವಕ್ಕೆ ಏನೂ ಇಲ್ಲವಂತೆ. ಆದರೆ ದನಿ ಬದಲಾಗಬಹುದು, ಕೆಲವರಿಗೆ ಹೋಗಿಯೂ ಬಿಡುತ್ತದೆ ಅಂದಿದ್ದಾರೆ ಡಾಕ್ಟರು.

ಅವ್ವನ ದನಿ! ಬಾಗಿಲಲ್ಲಿ ನಿಂತು ಶಿಲ್ಪಾ ಅಂತ ಕೂಗಿದರೆ ರೈಲ್ವೆ ಗೇಟಿನ ತನಕ ಕೇಳುತ್ತಿತ್ತು. ನಾಚಿಕೆಯಿಂದ ಸಾಯುತ್ತಿದ್ದೆ.

"ನಾ ಬರ್ಲೇನವ್ವಾ?" ಅಂದೆ.

"ಬ್ಯಾಡ ಬ್ಯಾಡ. ನೀ ನಿನ್ನ ಕಡ್ಲಿ ನೋಡ್ಕೋ. ಶಕುಂತಲಾಬಾಯಿ ಇರ್ತಾಳ, ನಿನ್ನ ತಮ್ಮ ಕಿರಣ ಅದಾನ. ನೀ ಬಂದು ಏನ್ ಮಾಡಾಕಿ?"

ಸರಿ ಅಂದೆ. ನಿಜ ಹೇಳಬೇಕೆಂದರೆ ಸಮಾಧಾನವೇ ಆಯಿತು. ಮೇ ತಿಂಗಳಲ್ಲೇ ಕಡಲೆ ಹೂ. ಮೊಗ್ಗು ಬಿಡಿಸಿ ಒಂದು ಗಿಡದ ಪರಾಗ ಇನ್ನೊಂದಕ್ಕೆ ಮುಟ್ಟಿಸುವ ಕ್ರಾಸಿಂಗ್ ಕೆಲಸ ಆಗಲೇ ಆಗಬೇಕು. ತಪ್ಪಿದರೆ ಇಡೀ ವರ್ಷ ಮಣ್ಣುಪಾಲು.

ಏಪ್ರಿಲ್ 2

ಕಲಿತುಬಿಟ್ಟೆ. ಎಂಕಾರ್ನಾ "ಬೇಕಾ?" ಅನ್ನುವ ಮೊದಲೇ "ಸೀ!" ಅಂದೆ, ಇವರ ಹ್ಞೂಂ. ಎರಡು ಬಟ್ಟಲು ಮಸೂರ ಇಳಿಸಿದೆ. ಆಕೆ ಖುಷಿಯಿಂದ ಬ್ರೆಡ್ಡನ್ನೂ ಮುಂದಿಟ್ಟಳು. ತಿಂಗಳಾನುಗಟ್ಟಲೆ ಸುಮ್ಮನೆ ಉಪವಾಸ ಸತ್ತೆನಲ್ಲ!

ಆ ಖುಷಿಯಲ್ಲೇ ಎಡವಟ್ಟು. ಊರಿಂದ ತಂದ ಶೇಂಗಾ ಹಿಂಡಿ, ಅದೇ ಚಟ್ನಿಪುಡಿ, ಆಕೆಗೆ ಕೊಡಲು ಹೋದೆ. ಬೇಡ ಅಂದಳು. ಸ್ವಲ್ಪೇ ಸ್ವಲ್ಪ ಅಂದೆ. ಬೇಡ. ನಮ್ಮ ಅವ್ವ ಕುಟ್ಟಿದ್ದು ಅಂತ ತಟ್ಟೆಗೇ ಹಾಕಿದೆ. ಚಮಚ ಕೆಳಗಿಟ್ಟಳು. "ಬೇಡ ಅಂದೆನಲ್ಲ, ಶಿಲ್ಪಾ. ನನ್ನ ಮಾತು ನಿನಗೆ ಲೆಕ್ಕಕ್ಕಿಲ್ಲವಾ?" ಮುಖ ಕೆಂಪಾಗಿತ್ತು. ಉಪಚಾರ ಮಾಡಿದ್ದಕ್ಕೆ ಬೈಗುಳ! ಆಯ್ತು ತಾಯಿ. ಇನ್ನು ಯಾರಾದರೂ ಬೇಡ ಅಂದರೆ ಬೇಡ. ಎರಡನೇ ಸಲ ಕೇಳಿದರೆ ನನ್ನ ಹೆಸರು ಶಿಲ್ಪಾರಾಣಿ ಅಲ್ಲ.

ಸಂಜೆ ಅವ್ವನಿಗೆ ಇದನ್ನೆಲ್ಲ ಹೇಳಿದೆ, ನಗಲಿ ಅಂತ. ನಕ್ಕಳು. ಆಮೇಲೆ, "ಮೇದಾಗ ನಿಮಗ ಸೂಟಿ ಇರ್ತಾವೇನು?" ಅಂದಳು. ಇಲ್ಲ ಅಂದೆ. "ಹೌದ್ಹೌದು, ಸುಮ್ಮ ಕೇಳ್ದೆ," ಅಂದಳು.

ಏಪ್ರಿಲ್ 10

ಬಿಸಿಲು ಶುರು. ಬೀದಿ ತುಂಬ ಕಿತ್ತಳೆ ಹೂವಿನ ವಾಸನೆ, ತಲೆನೋವು. ಮಧ್ಯಾಹ್ನ ಅಂಗಡಿಗಳೆಲ್ಲ ಬಂದ್, ಒಂದು ಪೆನ್ನು ಸಿಗಲಿಲ್ಲ. ಇವರು ಮಲಗಿ ಎದ್ದ ಮೇಲೆ ನಾನು ಬರೆಯಬೇಕು.

ಏಪ್ರಿಲ್ 27, ಬೆಳಿಗ್ಗೆ

ತಮ್ಮ ಬಸವಕಿರಣ ಫೋನ್ ಮಾಡಿದ್ದ. ಆತ ತಾನಾಗಿ ಮಾಡುವವನೇ ಅಲ್ಲ.

"ಅಕ್ಕಾ, ಒಂದ್ ಮಾತು ಕೇಳ್ತೀನಿ. ಬರ್ಲೇನಂತ ಅವ್ವಗ ಎಷ್ಟ್ ಸಲ ಕೇಳಿದಿ?"

"ಒಂದ್ ಸಲ. ಬ್ಯಾಡಂದ್ಳು."

"ಒಂದ್ ಸಲ!" "ಕರೆಂಟ್ ಮೀಟರ್ ನೋಡಾಕ ಬಂದವಂಗೂ ಚಾ ಕುಡೀರಿ ಅಂತ ಮೂರ್ ಸಲ ಅಂತೀವಲ್ಲ ಅಕ್ಕಾ."

ಸಿಟ್ಟು ನೆತ್ತಿಗೇರಿತು. ಬೇಕಾದರೆ ಬಾ ಅನ್ನಬೇಕು, ಬಾಯಿಲ್ಲವಾ ಆಕೆಗೆ ಅಂತ ಕೂಗಾಡಿದೆ. ಆತ ಮೆಲ್ಲಗೆ ಹೇಳಿದ. ಮನೆಗೆ ಬಂದವರಿಗೆಲ್ಲ ಅವ್ವ ತಾನಾಗಿಯೇ ಹೇಳುತ್ತಾಳಂತೆ — "ಶಿಲ್ಪಾ ಬರ್ತೀನಂದಿದ್ಳು, ನಾನೇ ಬ್ಯಾಡಂದೆ." ಯಾರೂ ಕೇಳದಿದ್ದರೂ ಹೇಳುತ್ತಾಳಂತೆ.

"ಇನ್ನೊಂದದ. ಮೊನ್ನಿ ತನ್ನ ದನಿ ರೆಕಾರ್ಡ್ ಮಾಡಿಡು ಅಂದ್ಳು. ಅಕ್ಕಗ ಈಗ ಕಳಸಬ್ಯಾಡ, ನಿನ್ನ ಹತ್ರ ಇರಲಿ ಅಂತ."

"ಏನಂದಾಳ ಅದ್ರಾಗ?"

"ಏನಿಲ್ಲಕ್ಕಾ. ಶಿಲ್ಪಾ, ಊಟ ಆತೇನು — ಅಷ್ಟಽ."

ಫೋನ್ ಇಟ್ಟು ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ. ನಾನೆಂಥ ಕತ್ತೆ. ಬಂದು ಎಂಟು ತಿಂಗಳಿಲ್ಲ, ಎಂಕಾರ್ನಾಳನ್ನು ದಿನಾ ಬೈದುಕೊಳ್ಳುತ್ತ, ಅವ್ವನ ಹತ್ತಿರ ಅದನ್ನೇ ಮಾಡಿ ಕೂತಿದ್ದೇನೆ. ಕೇಳಿದೆ, ಬೇಡ ಅಂದಳು, ಪಾತ್ರೆ ಮುಚ್ಚಿ ಫ್ರಿಜ್ಜಿಗೆ ಇಟ್ಟೆ.

ಅವ್ವನ ಮೇಲೂ ಸಿಟ್ಟಿದೆ. ಬರೆದಿಟ್ಟಿರಲಿ.

ಏಪ್ರಿಲ್ 28

ಕಡಲೆ ಮೊಗ್ಗು ಕಾಣಿಸಿಕೊಂಡಿವೆ. ಇವಕ್ಕೂ ಇದೇ ಮುಹೂರ್ತ.

ಆಲ್ವಾರೋನ ಹತ್ತಿರ ಹೋದೆ. ರಾತ್ರಿಯೆಲ್ಲ ಪೀಠಿಕೆ ಸಿದ್ಧ ಮಾಡಿದ್ದೆ — ನಿನಗೆ ತೊಂದರೆ ಆಗುತ್ತೆ, ಬಿಡು, ಆದರೂ... ಸ್ಪ್ಯಾನಿಷ್‌ನಲ್ಲಿ ಅದೆಲ್ಲ ಬಾಯಿಗೆ ಬರಲೇ ಇಲ್ಲ. ನೇರವಾಗಿ ಅಂದುಬಿಟ್ಟೆ, ಅಮ್ಮನ ಆಪರೇಷನ್ ಇದೆ, ಮೂರು ವಾರ ನನ್ನ ಕ್ರಾಸಿಂಗ್ ನೀನು ಮಾಡ್ತೀಯಾ?

"ವಾಲೆ," ಅಂದ.

ಅಷ್ಟೇ. ಚಿಮಟ ಇಸಿದುಕೊಂಡು ಯಾವ ಗಿಡಕ್ಕೆ ಯಾವುದು ಅಂತ ಕೇಳಿದ. ಮೊದಲು ಒಲ್ಲೆ ಅನ್ನಬಹುದು ಅಂತ ನಾನು ಇನ್ನೂ ಕಾಯುತ್ತ ನಿಂತಿದ್ದೆ. "ಮತ್ತೇನಾದರೂ?" ಅಂದ. ಇಲ್ಲ ಅಂದೆ. ಆ ಮಣ್ಣಿನ ಚೀಲದ ದಿನದ ಸಿಟ್ಟು ಇನ್ನು ಎಲ್ಲಿಡಲಿ? ಪ್ರೊಫೆಸರ್ ಮಾತ್ರ ಗೊಣಗಿದರು. ತಪ್ಪುವ ಪರೀಕ್ಷೆ ಜುಲೈನಲ್ಲಿ ಬರೆಯಬೇಕು. ಬರೆಯುತ್ತೇನೆ.

ಏಪ್ರಿಲ್ 28, ಮಧ್ಯಾಹ್ನ

ಈಗಷ್ಟೇ ಅವ್ವನ ಜೊತೆ ಮಾತಾಡಿದೆ.

"ಆಪರೇಷನ್ನಿಗಿ ಬರ್ತೀನವ್ವಾ."

"ಬ್ಯಾಡ. ನಿನ್ನ ಓದು ಕೆಡ್ತದ."

"ಬರ್ತೀನಂದ್ರ ಬರ್ತೀನಿ."

"ಹುಚ್ಚಿ ಅದೀಯೇನು? ಅಷ್ಟ್ ದೂರಿಂದ! ನನಗೇನಾಗ್ಯಾದ? ಖರೇನೇ ಬ್ಯಾಡ."

ದನಿ ಆಗಲೇ ಸ್ವಲ್ಪ ಒಡೆದಿತ್ತು. ಈ ಸಲ ಕೇಳಲಿಲ್ಲ. ಶಕುಂತಲಾಬಾಯಿ ಅತ್ತೆಯ ಹಾಗೆ ಬೈದೆ. "ನಮ್ಮನಿಗಿ ನಾ ಬರಾಕ ನಿನ್ನ ಕೇಳ್ಬೇಕೇನು? ಬಾಯಿ ಮುಚ್ಕೊಂಡು ಸುಮ್ಮ ಕುಂದ್ರು!"

ಓಣಿಯಲ್ಲಿ ಯಾರದೋ ಬೈಕ್ ಹಾದುಹೋಗಿದ್ದು ಕೇಳಿಸಿತು. ಲೈನ್ ಕಟ್ಟಾಯಿತೇನೋ ಅಂದುಕೊಂಡೆ.

"ಯಾವತ್ತ್ ಬರ್ತಿ?" ಅಂದಳು.

ಆಮೇಲೆ ಫೋನ್ ಹಿಡಿದುಕೊಂಡೇ ಕೂಗಿದಳು, "ಏ ಕಿರಣಾ! ಅಕ್ಕ ಬರಾಕತ್ಯಾಳ!" ನನ್ನ ಕಿವಿ ಕಿತ್ತುಹೋಯಿತು. ರೈಲ್ವೆ ಗೇಟಿನ ತನಕ ಕೇಳಿರಬೇಕು.

ಟಿಕೆಟ್ ಪೇಜ್ ತಿರುಗುತ್ತಲೇ ಇದೆ, ದರಿದ್ರ ನೆಟ್. ಎಂಕಾರ್ನಾ ಅಡುಗೆಮನೆಯಿಂದ ಕೂಗುತ್ತಿದ್ದಾಳೆ, ಬೇಕಾ ಅಂತ... ಸೀ, ಸೀ! ತಾಳು ತಾಯಿ, ಮೊದಲು ಈ—