ಗೋಮಾಳದ ಬೆಂಕಿ

ಕೊಕ್ಕನೂರು
ಮಾರ್ಚ್ ೧೯೯೯

ವಿನೋಬನಗರದ ಅಕ್ಕನಿಗೆ,

ಪಕ್ಕದ ಮನೆಯ ಉಡಚಮ್ಮನ ಜೊತೆ ಮಗಳು ಪೂಜಾಳನ್ನು ಕಳಿಸುತ್ತಿದ್ದೇನೆ. ಮಳೆ ಹಿಡಿಯುವವರೆಗೆ ನಿನ್ನಲ್ಲೇ ಇಟ್ಟುಕೋ. ಅವಳ ಕೂದಲು ಸುಟ್ಟಿರುವುದನ್ನು ಕಂಡು ಗಾಬರಿಯಾಗಬೇಡ.

ದನ ಕುರಿ ಮೇಯುವುದನ್ನು ನಿಲ್ಲಿಸಿ, ಗಾಳಿಯ ಇಂಗಾಲ ಹೀರಲೆಂದು ಅರಣ್ಯ ಇಲಾಖೆಯವರು ಕಮರ, ತಪಸಿ ಸಸಿ ನೆಟ್ಟರಲ್ಲ, ಇವರು ಕಾಯುವ ಆ ಗೋಮಾಳಕ್ಕೆ ಮೊನ್ನೆ ಬೆಂಕಿ ಬಿತ್ತು. ಅಪ್ಪನಿಗೆ ಬುತ್ತಿ ಕೊಡಲು ಹೋದ ಪೂಜಾ ಒಳಗಿದ್ದಳು. ಕುರಿ ಕಾಯುವ ದುರುಗಣ್ಣ ಬೇಲಿ ಕತ್ತರಿಸಿ ನುಗ್ಗಿ ಅವಳನ್ನು ಮನೆಗೆ ಎತ್ತಿ ತಂದ. ಕೆಮ್ಮುತ್ತಲೇ, “ತಂತಿ ಕಡಿದೀನಿ ಅಂತ ಕೇಸ್ ಹಾಕಿಸಬ್ಯಾಡವ್ವ” ಎಂದ.

ಈಗ ಬೆಂಕಿ ಇಟ್ಟವನೇ ದುರುಗಣ್ಣ ಎಂದು ಬರೆದುಕೊಡಲು ಇಲಾಖೆಯ ಸಾಹೇಬರು ಇವರಿಗೆ ಹೇಳಿದ್ದಾರೆ. ಕೊಡದಿದ್ದರೆ ಕೆಲಸ ಹೋಗುತ್ತದೆ, ಕೇಸೂ ಇವರ ಮೇಲೇ ಬರುತ್ತದೆ. “ಮಗಳನ್ನ ಉಳಿಸಿದೋನು ಅವ. ನಾ ಹೆಂಗೆ ಬರೀಲಿ?” ಎಂದು ಇವರು ಬರೆಯದೆ ಎದ್ದು ಬಂದರು. ಅಂದಿನಿಂದ ಜೀಪಿನ ಸದ್ದು ಕೇಳಿದರೆ ಬಾಗಿಲು ಹಾಕಿಕೊಳ್ಳುತ್ತೇನೆ.

ಒಲೆ ಹೊತ್ತಿಸಿದರೆ ಪೂಜಾ ಕಿರುಚುತ್ತಾಳೆ, ಅಡುಗೆಮನೆಗೆ ಕರೆಯಬೇಡ. ತಲೆಗೆ ಕೊಬ್ಬರಿ ಎಣ್ಣೆ ಹಚ್ಚು. ಅಮ್ಮನಿಗೆ ತಿಳಿಸಬೇಡ.

ಸಾಹೇಬರು ಅಲ್ಲಿಗೇ ಬಂದು ಕೇಳಿದರೆ, ತನ್ನನ್ನು ಎತ್ತಿ ತಂದವನು ಯಾರೆಂದು ಅವಳು ಹೇಳಲಿ. ನಮಗೇನಾದೀತೋ ಎಂದು ಹೆದರಿ ಅವಳ ಬಾಯಿ ಮುಚ್ಚಿಸಬೇಡ.

ನಿನ್ನ ತಂಗಿ,
ಮೀನಾಕ್ಷಿ