ಖಾಲಿ ಚೌಕಟ್ಟುಗಳ ಮುಂದೆ ತಾಸ್ಯಾ

ಲೆನಿನ್‌ಗ್ರಾಡ್
೨೩ ಸೆಪ್ಟೆಂಬರ್ ೧೯೪೫

ಪ್ರೀತಿಯ ಗ್ಲೇಬ್,

ಚಿತ್ರಗಳ ಪೆಟ್ಟಿಗೆಗಳ ಜೊತೆ ಮುಂದಿನ ತಿಂಗಳು ಹೊರಡುತ್ತೇನೆ ಎಂಬ ನಿನ್ನ ಕಾಗದ ನಿನ್ನೆ ಬಂತು. ಅರಮನೆಯ ಚಿತ್ರಶಾಲೆಯಲ್ಲಿ ಎಲ್ಲರೂ ನಕ್ಕರು, ಅತ್ತರು. ಒಡೆದ ಕಿಟಕಿಗಳಿಗೆ ಗಾಜು ಹಾಕಿಸುತ್ತಿದ್ದಾರೆ. ನಾಲ್ಕು ವರ್ಷ ಉರಾಲ್‌ನ ಚಳಿಯಲ್ಲಿ ನೀನು ಕಾಯ್ದ ಒಂದು ಚಿತ್ರಕ್ಕೂ ಗೀರು ಬಿದ್ದಿಲ್ಲವಂತೆ. ಹೆಮ್ಮೆಯಾಯಿತು. ಆಮೇಲೆ ನಿನ್ನ ಕೊನೆಯ ಸಾಲು ಓದಿದೆ. ತಾಸ್ಯಾಗೆ ಹನ್ನೊಂದು ತುಂಬಿತಲ್ಲ, ಉಣ್ಣೆಯ ಬೂಟು ಮಾಡಿಸುತ್ತೇನೆ, ಅವಳ ಕಾಲಿನ ಅಳತೆ ಕಳಿಸು ಎಂದಿದ್ದೀಯ.

ಗ್ಲೇಬ್, ಅಳತೆ ಕಳಿಸಲಾರೆ. ನಮ್ಮ ತಾಸ್ಯಾ ಇಲ್ಲ. ೧೯೪೨ರ ಫೆಬ್ರವರಿ ಒಂಬತ್ತರಂದು ಹೋದಳು.

ನೀನು ಬಾಗಿಲು ತೆರೆದು ಅವಳ ಹೆಸರು ಕೂಗುವ ಮೊದಲೇ ಇದು ನಿನಗೆ ತಿಳಿಯಬೇಕು. ಅದಕ್ಕೇ ಬರೆಯುತ್ತಿದ್ದೇನೆ.

ಶತ್ರು ಊರಿಗೆ ಮುತ್ತಿಗೆ ಹಾಕಿದ್ದ ಆ ಚಳಿಗಾಲ ನಾವೆಲ್ಲ ಅರಮನೆಯ ನೆಲಮಾಳಿಗೆಯಲ್ಲಿದ್ದೆವು. ಬಣ್ಣ ಕಲಸುವ ಎಣ್ಣೆಯಲ್ಲಿ ಆಲೂಗಡ್ಡೆ ಸಿಪ್ಪೆ ಹುರಿದು ತಿನ್ನುತ್ತಿದ್ದೆವು. ಜನವರಿಯಲ್ಲಿ ಒಂದು ದಿನ ತಾಸ್ಯಾ ಮೇಲೆ ಹೋಗಿ ಚಿತ್ರ ನೋಡಬೇಕೆಂದು ಹಟ ಹಿಡಿದಳು. ಮೂವತ್ತು ವರ್ಷ ಆ ಕೋಣೆಗಳನ್ನು ಕಾದ ಪೆಲಗೇಯಾ ಅತ್ತೆ ಅವಳ ಕೈ ಹಿಡಿದಳು. ನಾನು ಹಿಂದೆ ಹೋದೆ. ಗೋಡೆಯ ಮೇಲೆಲ್ಲ ಹಿಮದ ಹೂವು, ನೆಲದ ಮೇಲೆ ಬಾಂಬಿನ ಬೆಂಕಿ ಆರಿಸಲು ತಂದ ಮರಳಿನ ಗುಡ್ಡೆ. ನೀವು ಚಿತ್ರ ಬಿಚ್ಚಿಕೊಂಡು ಹೋದ ಚೌಕಟ್ಟುಗಳು ಹಾಗೇ ತೂಗುತ್ತಿದ್ದವು.

"ಅತ್ತೆ, ಏನೂ ಇಲ್ವಲ್ಲ!" ಅಂದಳು.

ಅತ್ತೆ ಒಂದು ಖಾಲಿ ಚೌಕಟ್ಟಿನ ಕಡೆ ಕೈ ತೋರಿಸಿದಳು. "ಇಲ್ಲ ಅಂತ ಯಾವಳೇ ಅಂದೋಳು? ಕಣ್ಬಿಟ್ಟು ನೋಡು. ಅಗೋ, ಮುದುಕಪ್ಪ ಮನೆ ಬಿಟ್ಟೋಗಿ ವಾಪಸ್ ಬಂದ ಮಗನ ಬೆನ್ನು ಸವರ್ತಾ ಅವ್ನೆ. ಹುಡುಗನ ಹಿಮ್ಮಡಿ ನೋಡು, ಎಷ್ಟು ಕೊಳೆ! ನಿನ್ ಹಿಮ್ಮಡಿನೂ ಹಂಗೇ ಐತೆ."

ತಾಸ್ಯಾ ನಕ್ಕಳು. ಎಷ್ಟೋ ವಾರದ ಮೇಲೆ ನಕ್ಕಿದ್ದಳು. ಮೀನಂಗಡಿಯ ದೊಡ್ಡ ಚಿತ್ರವಿದ್ದ ಕಡೆ ನಿಂತುಬಿಟ್ಟಳು.

"ಅಮ್ಮ, ಅಪ್ಪ ಮೀನೂ ತೊಗೊಂಡ್ಹೋದ್ನಾ?"

ಅತ್ತೆಯೇ ಅಂದಳು: "ಹೂಂ. ಆದ್ರೆ ನಿಮ್ಮಪ್ಪ ಒಂದು ಬಾಲನೂ ಮುಟ್ಟಕಿಲ್ಲ. ಎಲ್ಲಾ ನಿಂಗೇ ಅಂತ ಎತ್ತಿಟ್ಟವ್ನೆ."

"ಅಪ್ಪಂಗೂ ಹಸಿವಾಗುತ್ತೆ. ತಿನ್ನಲಿ ಬಿಡು," ಅಂದಳು.

ಮೂರು ವಾರದ ಮೇಲೆ ಒಂದು ಬೆಳಿಗ್ಗೆ ನನ್ನ ತೋಳಿನಲ್ಲೇ ತಣ್ಣಗಾದಳು. ಚಿತ್ರಗಳಿಗೆ ಸುತ್ತಿ ಮಿಕ್ಕಿದ್ದ ಬಟ್ಟೆಯಲ್ಲಿ ಸುತ್ತಿ, ನಾನೂ ಅತ್ತೆಯೂ ಹಿಮದ ಜಾರುಬಂಡಿಯಲ್ಲಿ ಸ್ಮಶಾನಕ್ಕೆ ಎಳೆದುಕೊಂಡು ಹೋದೆವು. ಅತ್ತೆಯೂ ಏಪ್ರಿಲ್‌ನಲ್ಲಿ ಹೋದಳು.

ಆಮೇಲೂ 'ತಾಸ್ಯಾ ಚೆನ್ನಾಗಿದ್ದಾಳೆ' ಅಂತ ಬರೆಯುತ್ತಲೇ ಬಂದೆ. ನಿನ್ನ ಎದೆ ಒಡೆಯಬಾರದು ಅಂತ ಬರೆದೆ ಎಂದರೆ ಅರ್ಧ ಸುಳ್ಳು. ಚಿತ್ರ ಸಾಗಿಸಿದ ರೈಲಿನಲ್ಲಿ ನನಗೂ ತಾಸ್ಯಾಗೂ ಜಾಗ ಕೊಡಿಸಿದವನು ನೀನು. ಶರತ್ಕಾಲಕ್ಕೆ ಯುದ್ಧ ಮುಗಿಯುತ್ತದೆ, ಮನೆ ಬಿಟ್ಟು ಬರಲ್ಲ ಅಂದವಳು ನಾನು. ಪ್ಲಾಟ್‌ಫಾರ್ಮಿನಲ್ಲಿ ನೀನು ಮೂರು ಸಲ ಕೇಳಿದೆ. ಮೂರು ಸಲವೂ ಇಲ್ಲ ಅಂದೆ. ಅದನ್ನು ನೀನು ನೆನಪಿಸಿಕೊಳ್ಳುತ್ತೀಯ ಎಂಬ ಹೆದರಿಕೆ ನನಗಿತ್ತು. ಜೊತೆಗೆ, ನಿನಗೆ ಬರೆಯುವ ಕಾಗದದಲ್ಲಿ ಮಾತ್ರ ಅವಳು ಬೆಳೆಯುತ್ತಿದ್ದಳು, ಹಲ್ಲು ಬೀಳುತ್ತಿತ್ತು, ಲೆಕ್ಕ ತಪ್ಪುತ್ತಿದ್ದಳು. ಅಲ್ಲೂ ಅವಳನ್ನು ಸಾಯಿಸಲು ನನಗೆ ಕೈ ಬರಲಿಲ್ಲ.

ಪೆಟ್ಟಿಗೆ ಇಳಿಸುವ ದಿನ ನದಿಯ ಕಡೆಯ ಬಾಗಿಲಲ್ಲಿ ಇರುತ್ತೇನೆ. ಮಾತಾಡಿಸದೆ ಮುಂದೆ ಹೋದರೆ ನಿನ್ನ ಹಿಂದೆ ಬರುವುದಿಲ್ಲ.

ನಿನ್ನ
ಜಿನಾಯ್ದಾ

ಇನ್ನೊಂದು ಮಾತು: ನೀನು ಮಂಚದ ಪಕ್ಕದ ಗೋಡೆಗೆ ಅಂಟಿಸಿಕೊಂಡಿರುವ ಐದು ಚಿತ್ರಗಳಲ್ಲಿ, ತಾಸ್ಯಾ ಬರೆದಳೆಂದು ನಾನು ಕಳಿಸಿದವುಗಳಲ್ಲಿ, ನಾಲ್ಕನ್ನು ಬರೆದದ್ದು ನಾನು, ಎಡಗೈಯಲ್ಲಿ. ವಯಸ್ಸಾದಂತೆ ಅವಳ ಕೈ ಪಳಗುತ್ತಿದೆ ಅನ್ನಿಸಲಿ ಅಂತ ಒಂದಕ್ಕಿಂತ ಒಂದನ್ನು ಸ್ವಲ್ಪ ಚೆನ್ನಾಗಿ ಬರೆದೆ. ಎಲ್ಲಕ್ಕಿಂತ ಸೊಟ್ಟಗಿರುವ ಆ ಮೂರು ಕಾಲಿನ ಕುದುರೆ ಅವಳದು. ಅದನ್ನು ಮಡಿಸದೆ ತಾ.